ಹೃದಯದ ಎಂಆರ್‌ಐನಲ್ಲಿ ಉಸಿರಾಟದ ಅಲುಗಾಟ: ರೋಗಿಯ ಪಕ್ಕದಿಂದ ಕಂಪ್ಯೂಟರ್ ತನಕ ಸಮಗ್ರ ಮಾರ್ಗದರ್ಶಿ

"ಉಸಿರು ಹಿಡ್ಕೊಳ್ಳಿ" ಅಂದ ತಕ್ಷಣ ಜನ ಏನು ಮಾಡುತ್ತಾರೆ? ಎದೆ ತುಂಬ ಗಾಳಿ ಎಳೆದುಕೊಂಡು ಬಾಯಿ ಬಿಗಿ ಮಾಡುತ್ತಾರೆ. ಕೆರೆಯಲ್ಲಿ ಮುಳುಗು ಹಾಕುವಾಗ ಎಲ್ಲರೂ ಮಾಡುವುದು ಅದನ್ನೇ ಅಲ್ವಾ? ಹೃದಯದ ಎಂಆರ್‌ಐಗೆ ಬೇಕಾಗಿರುವುದು ಹೆಚ್ಚಾಗಿ ಅದರ ತದ್ವಿರುದ್ಧ. ಉಸಿರು ಹೊರಗೆ ಬಿಡಬೇಕು, ಬಿಟ್ಟ ಮೇಲೆ ಅಲ್ಲೇ ನಿಲ್ಲಬೇಕು. ಈ ಒಂದು ಮಾತು ರೋಗಿಗೆ ಸರಿಯಾಗಿ ತಲುಪದೆ ಹೋದರೆ, ಆಮೇಲೆ ಕಂಪ್ಯೂಟರ್ ಮುಂದೆ ಕೂತು ಎಷ್ಟು ಹೊತ್ತು ಒದ್ದಾಡಿದರೂ ಅರ್ಧ ಕೆಲಸವಷ್ಟೇ ಆಗುತ್ತದೆ.

ಈ ಬರಹ ಮುಖ್ಯವಾಗಿ ಎಂಆರ್‌ಐ ಟೆಕ್ನಾಲಜಿಸ್ಟ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ. ಜೊತೆಗೆ, ಹೃದಯದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸರಿಪಡಿಸಲು ಕಲಿಯುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ. ಈ ಇಬ್ಬರೂ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿರುವುದಿಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ.

ಮೊದಲು ಅಳತೆಗಳು

ಹೃದಯಕ್ಕೆ ಎರಡು ಚಲನೆ. ಒಂದು ಅದರದೇ ಬಡಿತ. ಅದನ್ನು ಇಸಿಜಿ ತಂತಿ ಹಾಕಿ, ಬಡಿತದ ಒಂದೇ ಘಟ್ಟದಲ್ಲಿ ಮಾಹಿತಿ ಸೇರಿಸಿ ನಿಭಾಯಿಸುತ್ತೇವೆ. ಇನ್ನೊಂದು ಉಸಿರು. ಹೃದಯ ಡಯಾಫ್ರಮ್ ಮೇಲೆ ಕೂತಿದೆ. ಡಯಾಫ್ರಮ್ ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಗುಮ್ಮಟದಂಥ ಸ್ನಾಯು. ಶಾಲೆಯ ಪುಸ್ತಕದಲ್ಲಿ ವಪೆ ಅಂತ ಓದಿರುತ್ತೀರಿ. ಸುಮ್ನೆ ಮಲಗಿ ಉಸಿರಾಡುವಾಗ ಅದು ಸುಮಾರು 1ರಿಂದ 2 ಸೆಂಟಿಮೀಟರ್ ಮೇಲೆ ಕೆಳಗೆ ಹೋಗುತ್ತದೆ. ಹೃದಯವೂ ಅದರ ಜೊತೆ ಸರಿಯುತ್ತದೆ, ಆದರೆ ಪೂರ್ತಿ ಅಷ್ಟೇ ಅಲ್ಲ. ಸರಾಸರಿ ಲೆಕ್ಕದಲ್ಲಿ ಡಯಾಫ್ರಮ್ ಸರಿದದ್ದರ 0.6 ಪಾಲು ಅಂತ ಇಟ್ಟುಕೊಳ್ಳುತ್ತಾರೆ.

ಅಂದರೆ ಹೃದಯ 6ರಿಂದ 12 ಮಿಲಿಮೀಟರ್ ಸರಿಯುತ್ತದೆ. ಹೃದಯದ ಸ್ನಾಯುವಿಗೇ ರಕ್ತ ಕೊಡುವ ಕರೋನರಿ ರಕ್ತನಾಳದ ಒಳಗಿನ ಅಗಲ ಎಷ್ಟು? ಬುಡದಲ್ಲೇ ಸುಮಾರು 3ರಿಂದ 4 ಮಿಲಿಮೀಟರ್. ಸಿನೆ ಅಂದರೆ ಬಡಿಯುತ್ತಿರುವ ಹೃದಯದ ಚಲಿಸುವ ಚಿತ್ರ. ಅದರ ಒಂದು ಸ್ಲೈಸಿನ, ಅಂದರೆ ಚಿತ್ರ ತೆಗೆಯುವ ಒಂದು ಪದರದ, ದಪ್ಪ ಸಾಮಾನ್ಯವಾಗಿ 8 ಮಿಲಿಮೀಟರ್. ನಾವು ನೋಡಬೇಕಾದ ವಸ್ತುವಿಗಿಂತ ಅದರ ಅಲುಗಾಟವೇ ದೊಡ್ಡದು. ಸಮಸ್ಯೆಯ ಗಾತ್ರ ಇದು.

ಯಾವ ತಪ್ಪು ಯಾವುದರಿಂದ ಅಂತ ಗುರುತಿಸಿ

ಚಿತ್ರ ಕೆಟ್ಟಿದೆ ಅಂದ ಕೂಡಲೇ ಉಸಿರಿನ ಮೇಲೆ ಹಾಕಬೇಡಿ. ಬಡಿತ ತಪ್ಪಿದ್ದರೂ ಇಸಿಜಿ ಸರಿಯಾಗಿ ಸಿಗದಿದ್ದರೂ ಚಿತ್ರ ಮಸುಕಾಗುತ್ತದೆ. ಎರಡನ್ನೂ ಬೇರೆ ಮಾಡಲು ಸುಲಭದ ದಾರಿ ಇದೆ. ಎದೆಯ ಮುಂಭಾಗದ ಕೊಬ್ಬಿನ ಗೆರೆ ನೋಡಿ. ಆ ಗೆರೆ ಚೂಪಾಗಿದ್ದು ಹೃದಯದ ಗೋಡೆ ಮಾತ್ರ ಮಸುಕಾಗಿದ್ದರೆ ಬಡಿತದ ಅಥವಾ ಟ್ರಿಗರ್‌ನ (ಇಸಿಜಿ ನೋಡಿ ಸ್ಕ್ಯಾನ್ ಶುರು ಮಾಡಿಸುವ ಸಂಕೇತದ) ತೊಂದರೆ ಇರಬೇಕು. ಎದೆಯ ಗೆರೆಯೇ ನೆರಳು ನೆರಳಾಗಿ ಎರಡು ಮೂರು ಕಡೆ ಕಾಣಿಸಿದರೆ ಉಸಿರು. ಆ ನೆರಳುಗಳು ಫೇಸ್ ಎನ್‌ಕೋಡಿಂಗ್ ದಿಕ್ಕಿನಲ್ಲಿ, ಅಂದರೆ ಯಂತ್ರ ಮಾಹಿತಿಯನ್ನು ಒಂದೊಂದೇ ಗೆರೆಯಾಗಿ ತುಂಬುತ್ತಾ ಹೋಗುವ ದಿಕ್ಕಿನಲ್ಲಿ ಮಾತ್ರ ಸಾಲಾಗಿ ಬರುತ್ತವೆ. ಫೇಸ್ ದಿಕ್ಕು ಬದಲಿಸಿದರೆ ನೆರಳುಗಳೂ ದಿಕ್ಕು ಬದಲಿಸುತ್ತವೆ.

ಇನ್ನೊಂದು ಬಗೆಯ ತಪ್ಪು ಇದಕ್ಕಿಂತ ಅಪಾಯದ್ದು, ಏಕೆಂದರೆ ಚಿತ್ರ ಚೆಂದವಾಗಿಯೇ ಕಾಣುತ್ತದೆ. ಪ್ರತಿ ಸ್ಲೈಸೂ ಚೂಪಾಗಿರುತ್ತದೆ. ಆದರೆ ಒಂದು ಸ್ಲೈಸಿಗೆ ರೋಗಿ ಪೂರ್ತಿ ಉಸಿರು ಬಿಟ್ಟಿದ್ದಾರೆ, ಮುಂದಿನದಕ್ಕೆ ಅರ್ಧ ಬಿಟ್ಟಿದ್ದಾರೆ. ಹೃದಯ ಬೇರೆ ಕಡೆ ಇದೆ, ನಮ್ಮ ಸ್ಲೈಸ್ ಅದೇ ಜಾಗದಲ್ಲಿದೆ. ಈ ತಪ್ಪು ಹುಡುಕದೆ ಸಿಗುವುದಿಲ್ಲ.

ಮೊದಲ ಹೆಜ್ಜೆ: ಟೇಬಲ್ ಮೇಲೆ ಮಲಗಿಸುವ ಮುಂಚೆ

ರೋಗಿಯನ್ನು ಒಳಗೆ ಕರೆದುಕೊಂಡು ಹೋಗುವ ಮೊದಲೇ, ಹೊರಗಿನ ಕುರ್ಚಿಯಲ್ಲಿ ಕೂರಿಸಿಕೊಂಡು ಎರಡು ನಿಮಿಷ ಅಭ್ಯಾಸ ಮಾಡಿಸಿ. ಎದೆಯ ಮೇಲೆ ಸಿಗ್ನಲ್ ಹಿಡಿಯುವ ಕಾಯಿಲ್ ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ, ಸುರಂಗದೊಳಗೆ ತಳ್ಳಿದ ಮೇಲೆ ಯಾರಿಗೂ ಹೊಸ ಮಾತು ತಲೆಗೆ ಹೋಗುವುದಿಲ್ಲ.

ಉಸಿರು ಬಿಟ್ಟೇ ಏಕೆ ಹಿಡಿಯಬೇಕು? ಉಸಿರು ಪೂರ್ತಿ ಬಿಟ್ಟಾಗ ಡಯಾಫ್ರಮ್ ಪ್ರತಿ ಸಲವೂ ಹತ್ತಿರಹತ್ತಿರ ಅದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ಒಳಗೆ ಎಳೆದಾಗ ಹಾಗಲ್ಲ. ಒಮ್ಮೆ ಅರ್ಧ, ಒಮ್ಮೆ ಮುಕ್ಕಾಲು, ಒಮ್ಮೆ ಎದೆ ಬಿರಿಯುವಷ್ಟು. ಒಂದು ಹೃದಯಕ್ಕೆ ಹತ್ತು ಹನ್ನೆರಡು ಸಲ ಉಸಿರು ಹಿಡಿಸುತ್ತೇವೆ. ಪ್ರತಿ ಸಲ ಹೃದಯ ಅದೇ ಜಾಗಕ್ಕೆ ಬರಬೇಕು. ಉಸಿರು ಬಿಟ್ಟು ಹಿಡಿಯುವುದು ಕಷ್ಟ, ಹೆಚ್ಚು ಹೊತ್ತು ಆಗುವುದಿಲ್ಲ. ಆದರೂ ಅದೇ ಸರಿ.

ಇನ್ನು ಮಾತಿನ ವಿಷಯ. "ಉಸಿರು ಕಟ್ಟಿ" ಅಂದರೆ ಕೆಲವರಿಗೆ ಗಾಬರಿಯಾಗುತ್ತದೆ. "ಬಿಟ್ಟು ಹಿಡೀರಿ" ಅಂದರೆ ಬಿಟ್ಟು, ಮತ್ತೆ ಎಳೆದು, ಆಮೇಲೆ ಹಿಡಿಯುತ್ತಾರೆ. "ಹಿಡಿ" ಅನ್ನುವ ಮಾತಿನಲ್ಲೇ ಒಳಗೆ ಎಳೆದುಕೊಳ್ಳುವ ಅರ್ಥ ಇದೆ. ನಾನು ಈಗ ಆ ಪದವನ್ನೇ ಬಿಟ್ಟಿದ್ದೇನೆ. ಹೇಳುವುದು ಹೀಗೆ: "ಉಸಿರು ಒಳಗೆ ತಗೊಳ್ಳಿ... ಹೊರಗೆ ಬಿಡಿ... ಒಳಗೆ ತಗೊಳ್ಳಿ... ಹೊರಗೆ ಬಿಡಿ... ಅಲ್ಲೇ ನಿಲ್ಲಿ." ಪ್ರತಿ ಸಲವೂ ಅದೇ ಮಾತು, ಅದೇ ಲಯ, ಅದೇ ವೇಗ. "ಅಲ್ಲೇ ನಿಲ್ಲಿ" ಅಂದ ಮೇಲೆ ಒಂದು ಸೆಕೆಂಡ್ ಕಾದು ಸ್ಕ್ಯಾನ್ ಶುರು ಮಾಡಿ. ಡಯಾಫ್ರಮ್ ನಿಲ್ಲಲು ಅಷ್ಟು ಸಮಯ ಬೇಕು.

ಎಷ್ಟೋ ಯಂತ್ರಗಳಲ್ಲಿ ಉಸಿರಿನ ಸೂಚನೆ ಮೊದಲೇ ಧ್ವನಿಮುದ್ರಣವಾಗಿ ಬರುತ್ತದೆ. ಹಳ್ಳಿಯಿಂದ ಬಂದ ಅಜ್ಜಿಗೆ ಇಂಗ್ಲಿಷ್ ದನಿ ಕೇಳಿಸಿದರೆ ಏನು ಪ್ರಯೋಜನ? ನಿಮ್ಮದೇ ದನಿಯಲ್ಲಿ ಮುದ್ರಿಸಿಕೊಳ್ಳುವ ಸೌಲಭ್ಯ ಇದ್ದರೆ ಇವತ್ತೇ ಕನ್ನಡದಲ್ಲಿ ಮಾಡಿಡಿ. ಇಲ್ಲದಿದ್ದರೆ ಮೈಕಿನಲ್ಲಿ ನೀವೇ ಹೇಳಿ. "ಅಮ್ಮಾ, ಚೆನ್ನಾಗಿ ಮಾಡ್ತಿದ್ದೀರಿ, ಇನ್ನು ಮೂರು ಸಲ ಅಷ್ಟೇ" ಅನ್ನುವ ಒಂದು ಮಾತಿನಿಂದ ಮುಂದಿನ ಮೂರು ಸ್ಲೈಸ್ ಉಳಿಯುತ್ತವೆ.

ಮಲಗಿಸುವಾಗ ಮೊಣಕಾಲಿನ ಕೆಳಗೆ ದಿಂಬು ಇಡಿ. ಬೆನ್ನು ಸಡಿಲವಾಗುತ್ತದೆ, ಉಸಿರು ಸಮವಾಗುತ್ತದೆ. ಉಸಿರು ಅಳೆಯುವ ಬೆಲ್ಲೋಸ್ ಪಟ್ಟಿಯನ್ನು ಕಣ್ಣಳತೆಯಲ್ಲಿ ಕಟ್ಟಬೇಡಿ. ರೋಗಿ ನಾಲ್ಕು ಸಲ ಉಸಿರಾಡುವುದನ್ನು ನೋಡಿ, ಎಲ್ಲಿ ಹೆಚ್ಚು ಏರಿಳಿತ ಇದೆಯೋ ಅಲ್ಲಿ ಕಟ್ಟಿ. ಕೆಲವರಿಗೆ ಹೊಟ್ಟೆ, ಕೆಲವರಿಗೆ ಎದೆಯ ಕೆಳಭಾಗ. ಉಸಿರು ನಿಲ್ಲಿಸಲು ತುಂಬ ಕಷ್ಟಪಡುವವರಿಗೆ ಮೂಗಿಗೆ ಆಮ್ಲಜನಕ ಕೊಟ್ಟರೆ ಹೆಚ್ಚು ಹೊತ್ತು ನಿಲ್ಲಿಸಬಲ್ಲರು. ಅದನ್ನು ಡಾಕ್ಟರನ್ನು ಕೇಳಿಯೇ ಮಾಡಿ.

ಎರಡನೇ ಹೆಜ್ಜೆ: ರೋಗಿಯ ಉಸಿರಿಗೆ ತಕ್ಕ ಸ್ಕ್ಯಾನ್

ಅಭ್ಯಾಸ ಮಾಡಿಸುವಾಗಲೇ ಅವರು ಎಷ್ಟು ಸೆಕೆಂಡ್ ನಿಲ್ಲಿಸಬಲ್ಲರು ಅಂತ ಎಣಿಸಿಕೊಳ್ಳಿ. ಆ ಸಂಖ್ಯೆಗೆ ಸ್ಕ್ಯಾನನ್ನು ಹೊಂದಿಸಿ. ಸ್ಕ್ಯಾನಿಗೆ ರೋಗಿಯನ್ನು ಹೊಂದಿಸಲು ಹೋಗಬೇಡಿ.

ಒಂದು ಲೆಕ್ಕ ನೋಡೋಣ. ನಾಡಿ ನಿಮಿಷಕ್ಕೆ 75 ಅಂದರೆ ಒಂದು ಬಡಿತಕ್ಕೆ 0.8 ಸೆಕೆಂಡ್. ಸಿನೆ ಚಿತ್ರಕ್ಕೆ ಮಾಹಿತಿಯ 144 ಗೆರೆ ಬೇಕು, ಒಂದು ಬಡಿತದಲ್ಲಿ ಪ್ರತಿ ಘಟ್ಟಕ್ಕೆ 12 ಗೆರೆ ತುಂಬುತ್ತೇವೆ ಅಂದುಕೊಳ್ಳಿ. 12 ಬಡಿತ ಆಯಿತು, 9.6 ಸೆಕೆಂಡ್. ರೋಗಿಗೆ ಆರೇ ಸೆಕೆಂಡ್ ಆಗುವುದು. ಪ್ಯಾರಲಲ್ ಇಮೇಜಿಂಗ್ ಅಂದರೆ ಕೆಲವು ಗೆರೆ ಬಿಟ್ಟು, ಹಲವು ಕಾಯಿಲ್‌ಗಳ ಮಾಹಿತಿಯಿಂದ ಅವನ್ನು ಲೆಕ್ಕ ಹಾಕಿ ತುಂಬುವುದು. ಅದನ್ನು 2 ಪಟ್ಟು ಹಾಕಿದರೆ, ನಡುವಿನ ರೆಫರೆನ್ಸ್ ಗೆರೆಗಳೂ ಸೇರಿ 84 ಗೆರೆ ಸಾಕು ಅನ್ನೋಣ. 7 ಬಡಿತ, 5.6 ಸೆಕೆಂಡ್. ಕೆಲಸ ಆಯಿತು.

ಇನ್ನೊಂದು ದಾರಿಯೂ ಇದೆ. ಒಂದು ಬಡಿತಕ್ಕೆ 12ರ ಬದಲು 16 ಗೆರೆ ತುಂಬುವುದು. ಆದರೆ ಒಂದು ಗೆರೆಗೆ 3 ಮಿಲಿಸೆಕೆಂಡ್ ಹಿಡಿದರೆ, ಪ್ರತಿ ಘಟ್ಟದ ಅವಧಿ 36ರಿಂದ 48 ಮಿಲಿಸೆಕೆಂಡಿಗೆ ಏರುತ್ತದೆ. ನಾಡಿ ವೇಗವಾಗಿರುವವರಲ್ಲಿ ಹೃದಯ ಪೂರ್ತಿ ಕುಗ್ಗಿದ ಕ್ಷಣ ಮಸುಕಾಗುತ್ತದೆ. ಕುಗ್ಗಿದಾಗಿನ ಗಾತ್ರ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಇಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು) ಕಡಿಮೆ ಬರುತ್ತದೆ. ಉಸಿರು ಉಳಿಸಲು ಹೋಗಿ ಬಡಿತ ಕಳೆದುಕೊಂಡ ಹಾಗೆ. ನಾನು ಮೊದಲು ಪ್ಯಾರಲಲ್ ಇಮೇಜಿಂಗ್ ಪ್ರಯತ್ನಿಸುತ್ತೇನೆ.

ಉಸಿರು ನಿಲ್ಲಿಸಲು ಆಗುವುದೇ ಇಲ್ಲ ಅಂದರೆ ರಿಯಲ್ ಟೈಮ್ ಸಿನೆ ಮಾಡಿ. ಒಂದೇ ಬಡಿತದಲ್ಲಿ ಪೂರ್ತಿ ಚಿತ್ರ ಬರುತ್ತದೆ. ಅಷ್ಟು ಚೂಪಾಗಿರುವುದಿಲ್ಲ, ಆದರೆ ನೆರಳುಗಳಿರುವುದಿಲ್ಲ. ರೋಗಿಯನ್ನು ಸತಾಯಿಸಿ ತೆಗೆದ ಹತ್ತು ಕೆಟ್ಟ ಚಿತ್ರಗಳಿಗಿಂತ ಇದು ಎಷ್ಟೋ ಮೇಲು.

ಮೂರನೇ ಹೆಜ್ಜೆ: ನ್ಯಾವಿಗೇಟರ್ ಸರಿಯಾಗಿ ಇಡುವುದು

ಕರೋನರಿ ನಾಳಗಳ 3ಡಿ ಸ್ಕ್ಯಾನ್ ನಿಮಿಷಗಟ್ಟಲೆ ನಡೆಯುತ್ತದೆ. ಅಷ್ಟು ಹೊತ್ತು ಯಾರೂ ಉಸಿರು ನಿಲ್ಲಿಸಲಾರರು. ಇಲ್ಲಿ ರೋಗಿ ಆರಾಮಾಗಿ ಉಸಿರಾಡುತ್ತಾರೆ. ಯಂತ್ರವೇ ಪ್ರತಿ ಬಡಿತದಲ್ಲಿ ಡಯಾಫ್ರಮ್ ಎಲ್ಲಿದೆ ಅಂತ ಇಣುಕಿ ನೋಡುತ್ತದೆ. ಈ ಇಣುಕು ನೋಟದ ಹೆಸರು ನ್ಯಾವಿಗೇಟರ್. ಎಂಆರ್‌ಐನಲ್ಲಿ ಈ ಉಪಾಯವನ್ನು 1989ರಲ್ಲಿ ಎಹ್ಮನ್ ಮತ್ತು ಫೆಲ್ಮ್‌ಲಿ ಮುಂದಿಟ್ಟರು.

ನ್ಯಾವಿಗೇಟರ್ ಒಂದು ಪೆನ್ಸಿಲ್‌ನಂಥ ಸಣ್ಣ ಕಂಬ. ಅದನ್ನು ಬಲಗಡೆಯ ಡಯಾಫ್ರಮ್‌ನ ಗುಮ್ಮಟದ ಮೇಲೆ, ತುತ್ತತುದಿಯಲ್ಲಿ ಇಡಬೇಕು. ಕಂಬದ ಹತ್ತಿರಹತ್ತಿರ ಅರ್ಧ ಶ್ವಾಸಕೋಶದಲ್ಲಿ, ಅರ್ಧ ಲಿವರ್‌ನಲ್ಲಿ. ಶ್ವಾಸಕೋಶ ಕಪ್ಪು, ಲಿವರ್ ಬೆಳ್ಳಗೆ. ನಡುವಿನ ಗಡಿ ಸ್ಪಷ್ಟವಾಗಿ ಕಾಣುತ್ತದೆ. ಗುಮ್ಮಟದ ಇಳಿಜಾರಿನ ಮೇಲೆ ಇಟ್ಟರೆ ಗಡಿ ಮಸುಕಾಗುತ್ತದೆ, ಯಂತ್ರಕ್ಕೆ ಗೊಂದಲವಾಗುತ್ತದೆ. ಕಂಬ ಹೃದಯವನ್ನು ಹಾಯದಂತೆ ನೋಡಿಕೊಳ್ಳಿ. ಹಾಯ್ದರೆ ಹೃದಯದ ಮೇಲೇ ಕಪ್ಪು ಪಟ್ಟಿ ಬೀಳುತ್ತದೆ.

ಹೊಸಬರು ಇಲ್ಲೇ ಒಂದು ತಪ್ಪು ಮಾಡುತ್ತಾರೆ. ಜಾಗ ಗುರುತಿಸಲು ತೆಗೆದ ಸ್ಕೌಟ್ ಚಿತ್ರವನ್ನು ಉಸಿರು ಎಳೆದು ಹಿಡಿಸಿ ತೆಗೆದಿರುತ್ತಾರೆ. ಸ್ಕ್ಯಾನ್ ನಡೆಯುವುದು ಉಸಿರು ಬಿಟ್ಟ ಸ್ಥಿತಿಯಲ್ಲಿ. ಸ್ಕೌಟ್‌ನಲ್ಲಿ ಕಂಡ ಗುಮ್ಮಟ ಈಗ ಮೇಲೆ ಹೋಗಿದೆ, ಹೃದಯವೂ ಹೋಗಿದೆ. 3ಡಿ ಪೆಟ್ಟಿಗೆಯ ಹೊರಗೆ ಕರೋನರಿ ನಾಳದ ಬುಡ ಉಳಿದುಬಿಡುತ್ತದೆ. ಸ್ಕೌಟ್ ಕೂಡ ಉಸಿರು ಬಿಟ್ಟೇ ತೆಗೆಯಿರಿ.

ಈಗ ಗೇಟ್. ಡಯಾಫ್ರಮ್ ಒಂದು ಕಿಟಕಿಯೊಳಗೆ ಇದ್ದಾಗ ಬಂದ ಮಾಹಿತಿಯನ್ನು ಮಾತ್ರ ಯಂತ್ರ ಇಟ್ಟುಕೊಳ್ಳುತ್ತದೆ, ಉಳಿದದ್ದನ್ನು ಬಿಸಾಡುತ್ತದೆ. 5 ಮಿಲಿಮೀಟರ್ ಕಿಟಕಿ ರೂಢಿಯಲ್ಲಿದೆ. ಉಸಿರು ಬಿಟ್ಟ ಸ್ಥಿತಿಯ ಸುತ್ತ ಅದನ್ನು ಇಡಿ, ಏಕೆಂದರೆ ಡಯಾಫ್ರಮ್ ಹೆಚ್ಚು ಹೊತ್ತು ಇರುವುದು ಅಲ್ಲೇ. ಲೆಕ್ಕ ಹೀಗೆ: ಸ್ಕ್ಯಾನಿಗೆ 300 ಬಡಿತ ಬೇಕು, ನಾಡಿ 75. ಏನೂ ಬಿಸಾಡದಿದ್ದರೆ 4 ನಿಮಿಷ. ನೂರಕ್ಕೆ 40 ಮಾತ್ರ ಕಿಟಕಿಗೆ ಬಿದ್ದರೆ 10 ನಿಮಿಷ. ಚಿತ್ರ ಇನ್ನೂ ಚೂಪಾಗಲಿ ಅಂತ ಕಿಟಕಿಯನ್ನು 3 ಮಿಲಿಮೀಟರಿಗೆ ಇಳಿಸಿದರೆ ಸಮಯ ಮತ್ತಷ್ಟು ಎಳೆಯುತ್ತದೆ. ರೋಗಿಗೆ ನಿದ್ದೆ ಹತ್ತುತ್ತದೆ, ಉಸಿರಿನ ರೀತಿಯೇ ಬದಲಾಗುತ್ತದೆ, ಡಯಾಫ್ರಮ್ ನಿಲ್ಲುವ ಜಾಗ ನಿಧಾನವಾಗಿ ಜರುಗಿ ಕಿಟಕಿಯಿಂದ ಆಚೆ ಹೋಗುತ್ತದೆ. ಚೂಪು ಹೆಚ್ಚಿಸಲು ಹೋಗಿ ಮಸುಕೇ ಹೆಚ್ಚುತ್ತದೆ.

ಆದ್ದರಿಂದ ಸ್ಕ್ಯಾನ್ ಶುರು ಮಾಡಿ ಎದ್ದು ಹೋಗಬೇಡಿ. ನ್ಯಾವಿಗೇಟರ್ ಗೆರೆ ನೋಡುತ್ತಾ ಕೂರಿ. ಗೆರೆ ಜರುಗುತ್ತಿದ್ದರೆ ಮೈಕಿನಲ್ಲಿ ಮಾತಾಡಿಸಿ ಎಚ್ಚರಿಸಿ. ಕಿಟಕಿ ಡಯಾಫ್ರಮ್ ಹಿಂದೆಯೇ ಸರಿಯುವ ಸೌಲಭ್ಯ ಇದ್ದರೆ ಹಾಕಿಕೊಳ್ಳಿ. ಮೊದಲ ನಿಮಿಷದಲ್ಲೇ ನೂರಕ್ಕೆ 20ಕ್ಕಿಂತ ಕಡಿಮೆ ಬೀಳುತ್ತಿದ್ದರೆ ನಿಲ್ಲಿಸಿ, ಕಿಟಕಿಯ ಜಾಗ ಮತ್ತೆ ಗುರುತಿಸಿ ಶುರು ಮಾಡಿ. ಹತ್ತು ನಿಮಿಷ ಕಾದು ಆಮೇಲೆ ಬೇಸರಪಡುವುದಕ್ಕಿಂತ ಇದು ವಾಸಿ.

ಕಿಟಕಿಯ ಒಳಗೂ ಹೃದಯ ಒಂದೆರಡು ಮಿಲಿಮೀಟರ್ ಸರಿಯುತ್ತದೆ. ಯಂತ್ರ ಸ್ಲೈಸನ್ನೂ ಅದರ ಜೊತೆ ಸರಿಸುತ್ತದೆ. ಎಷ್ಟು ಅನ್ನುವುದಕ್ಕೇ ಆ 0.6. ಆದರೆ ಅದು ಸರಾಸರಿ. ಪ್ರತಿ ಮನುಷ್ಯನಿಗೂ ಬೇರೆ. ನಿಮ್ಮ ರೋಗಿಯ ಸಂಖ್ಯೆ ಬೇಕಾದರೆ ಎರಡು ಕ್ಷಿಪ್ರ ಚಿತ್ರ ತೆಗೆಯಿರಿ. ಒಂದು ಉಸಿರು ಬಿಟ್ಟು, ಒಂದು ಹಗುರಾಗಿ ಎಳೆದು. ಡಯಾಫ್ರಮ್ 20 ಮಿಲಿಮೀಟರ್ ಇಳಿದಿದೆ, ಹೃದಯ 11 ಇಳಿದಿದೆ ಅಂದರೆ 0.55. ಕಿಟಕಿ ಚಿಕ್ಕದಿದ್ದಾಗ ಈ ವ್ಯತ್ಯಾಸ ಏನೂ ಅಲ್ಲ. ಕಿಟಕಿ ದೊಡ್ಡದು ಮಾಡಿದಾಗ ಅದೇ ದೊಡ್ಡದಾಗುತ್ತದೆ. ಇನ್ನೊಂದು ಮಾತು: ಡಯಾಫ್ರಮ್ ಒಂದೇ ಎತ್ತರದಲ್ಲಿದ್ದರೂ, ಉಸಿರು ಎಳೆಯುವಾಗ ಹೃದಯ ಒಂದು ಕಡೆ, ಬಿಡುವಾಗ ಸ್ವಲ್ಪ ಬೇರೆ ಕಡೆ ಇರಬಹುದು. ಡಯಾಫ್ರಮ್ ನೋಡಿ ಹೃದಯವನ್ನು ಊಹಿಸುವುದಕ್ಕೆ ಒಂದು ಮಿತಿ ಇದೆ. ಹೃದಯದ್ದೇ ಸಣ್ಣ ಚಿತ್ರ ತೆಗೆದು ನೇರವಾಗಿ ಅಳೆಯುವ ಇಮೇಜ್ ನ್ಯಾವಿಗೇಟರ್‌ಗಳು ಬಂದಿರುವುದು ಇದಕ್ಕೇ.

ಮಾಹಿತಿಯನ್ನು ಬಿಸಾಡದೆ ಬಳಸುವ ದಾರಿಯೂ ಈಗ ಇದೆ. ಮಾಹಿತಿಯ ಗೆರೆಗಳನ್ನು ಗಾಲಿಯ ಕಡ್ಡಿಗಳ ಹಾಗೆ, ಒಂದಕ್ಕೊಂದು 111.25 ಡಿಗ್ರಿ ತಿರುಗಿಸುತ್ತಾ ತುಂಬುತ್ತಾರೆ. ಎಲ್ಲ ಕಡ್ಡಿಗಳೂ ನಡುಬಿಂದುವನ್ನು ಹಾಯುವುದರಿಂದ ಉಸಿರಿನ ಏರಿಳಿತ ಅಲ್ಲೇ ಸಿಗುತ್ತದೆ. ಆಮೇಲೆ ಕಡ್ಡಿಗಳನ್ನು ಉಸಿರಿನ ಘಟ್ಟಕ್ಕೆ ತಕ್ಕಂತೆ ಬೇರೆ ಬೇರೆ ಗುಂಪು ಮಾಡಿ, ಪ್ರತಿ ಗುಂಪಿನಿಂದಲೂ ಚಿತ್ರ ಕಟ್ಟುತ್ತಾರೆ. 2016ರಲ್ಲಿ ಬಂದ ಎಕ್ಸ್‌ಡಿ-ಗ್ರಾಸ್ಪ್ ವಿಧಾನದ ಹುರುಳು ಇದು. ನಿಮ್ಮ ಯಂತ್ರದಲ್ಲಿ ಇಂಥದ್ದು ಇದ್ದರೆ ಖಂಡಿತ ಕಲಿಯಿರಿ.

ನಾಲ್ಕನೇ ಹೆಜ್ಜೆ: ಸ್ಲೈಸ್‌ಗಳು ಒಂದರ ಮೇಲೊಂದು ಕೂರುತ್ತವೆಯೇ?

ಒಮ್ಮೆ ಒಬ್ಬರ ಸಿನೆ ಮುಗಿಸಿದ್ದೆ. ಹನ್ನೊಂದು ಸ್ಲೈಸ್, ಎಲ್ಲವೂ ಚೂಪು. ಪ್ರತಿ ಸ್ಲೈಸಿನಲ್ಲಿ ಅಂಚಿಗೆ ಗೆರೆ ಎಳೆದು ನೋಡಿದರೆ ಎಡ ವೆಂಟ್ರಿಕಲ್‌ನ (ಹೃದಯದ ಎಡ ಕೆಳಕೋಣೆಯ) ಗಾತ್ರ ನಾನು ಕಣ್ಣಲ್ಲಿ ಕಂಡದ್ದಕ್ಕಿಂತ ದೊಡ್ಡದಾಗಿ ಬಂತು. ಮತ್ತೆ ನೋಡಿದೆ. ಐದನೆಯದು ಮತ್ತು ಆರನೆಯದು ಒಂದೇ ಥರ ಇದ್ದವು, ಸ್ನಾಯುಕಂಬಗಳ ಆಕಾರ ಸಮೇತ. ಆರನೆಯದಕ್ಕೆ ರೋಗಿ ಉಸಿರು ಬಿಡದೆ ನಿಂತಿದ್ದರು. ಒಂದೇ ಜಾಗವನ್ನು ಎರಡು ಸಲ ಎಣಿಸಿದ್ದೆ. ಅವರು ಇನ್ನೂ ಟೇಬಲ್ ಮೇಲೇ ಇದ್ದರು. ಮತ್ತೊಮ್ಮೆ ಕೇಳಿಕೊಂಡು ಆ ಒಂದು ಸ್ಲೈಸ್ ತೆಗೆದೆ. ಅವತ್ತಿನಿಂದ ಈ ಪರೀಕ್ಷೆಯನ್ನು ರೋಗಿ ಎದ್ದು ಹೋಗುವ ಮುಂಚೆಯೇ ಮಾಡುತ್ತೇನೆ.

ಮಾಡುವ ಕ್ರಮ: ಹೃದಯದ ಉದ್ದಕ್ಕೆ ತೆಗೆದ ನಾಲ್ಕು ಕೋಣೆಯ ಚಿತ್ರ ಮತ್ತು ಎರಡು ಕೋಣೆಯ ಚಿತ್ರ ತೆರೆಯಿರಿ. ಶಾರ್ಟ್ ಆಕ್ಸಿಸ್ ಸ್ಲೈಸ್‌ಗಳನ್ನು (ಹೃದಯದ ಉದ್ದಕ್ಕೆ ಅಡ್ಡವಾಗಿ ತೆಗೆದವನ್ನು) ಅವುಗಳ ಮೇಲೆ ಹಾಯಿಸಿ. ಪ್ರತಿ ಸ್ಲೈಸಿನಲ್ಲಿ ಹೃದಯದ ಗೋಡೆ ಕಂಡ ಜಾಗವೂ ಉದ್ದದ ಚಿತ್ರದಲ್ಲಿ ಗೋಡೆ ಇರುವ ಜಾಗವೂ ಒಂದೇ ಆಗಬೇಕು. ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಉಸಿರಿನ ವ್ಯತ್ಯಾಸ.

ಶಾರ್ಟ್ ಆಕ್ಸಿಸ್ ಓರೆಯಾಗಿರುವ ಕಾರಣ, ಹೃದಯ ಕೆಳಗಿಳಿದಾಗ ಆ ಚಲನೆಯ ಒಂದು ಪಾಲು ಸ್ಲೈಸಿನ ಒಳಗೇ ಕಾಣುತ್ತದೆ. ಇನ್ನೊಂದು ಪಾಲು ಸ್ಲೈಸಿನಿಂದ ಆಚೆ ಹೋಗುತ್ತದೆ. ಮೊದಲನೆಯದನ್ನು ಕಂಪ್ಯೂಟರಿನಲ್ಲಿ ಸ್ಲೈಸನ್ನು ಅತ್ತಿತ್ತ ಸರಿಸಿ ಸರಿಪಡಿಸಬಹುದು. ಎರಡನೆಯದನ್ನು ಆಗುವುದಿಲ್ಲ. ಆ ಸ್ಲೈಸಿನಲ್ಲಿ ಇರುವುದು ಹೃದಯದ ಬೇರೆಯದೇ ಭಾಗ. ಎಷ್ಟು ಸರಿಸಿದರೂ ಅದು ಬೇಕಾದ ಭಾಗ ಆಗುವುದಿಲ್ಲ. ಮತ್ತೆ ತೆಗೆಯುವುದೊಂದೇ ದಾರಿ. ಈ ಎರಡರ ವ್ಯತ್ಯಾಸ ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ಮುಂದಿನ ಹೆಜ್ಜೆ ಸಲೀಸು.

ಐದನೇ ಹೆಜ್ಜೆ: ಪರ್ಫ್ಯೂಷನ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸುವುದು

ಪರ್ಫ್ಯೂಷನ್‌ನಲ್ಲಿ ಗ್ಯಾಡೋಲಿನಿಯಮ್ ಕಾಂಟ್ರಾಸ್ಟ್ ಕೊಟ್ಟು, ಅದು ಹೃದಯದ ಸ್ನಾಯುವಿಗೆ ಹೇಗೆ ಇಳಿಯುತ್ತದೆ ಅಂತ ಪ್ರತಿ ಬಡಿತಕ್ಕೂ ಒಂದು ಚಿತ್ರ ತೆಗೆಯುತ್ತೇವೆ. ಐವತ್ತು ಅರವತ್ತು ಬಡಿತ. ಅಷ್ಟು ಹೊತ್ತು ಉಸಿರು ನಿಲ್ಲಿಸಿ ಅಂದರೆ ನಡುವೆ ಎಲ್ಲೋ ಬಿಟ್ಟು ಜೋರಾಗಿ ಏದುಸಿರು ಎಳೆಯುತ್ತಾರೆ, ಅದೂ ಕಾಂಟ್ರಾಸ್ಟ್ ಸ್ನಾಯುವಿಗೆ ಇಳಿಯುವ ಹೊತ್ತಿಗೇ. ನನ್ನ ಮಟ್ಟಿಗೆ, ಮೊದಲಿಂದಲೂ ಹಗುರಾಗಿ ಉಸಿರಾಡಿಸಿ ಆಮೇಲೆ ಕಂಪ್ಯೂಟರಿನಲ್ಲಿ ಹೊಂದಿಸುವುದೇ ಸರಿ. ಸಣ್ಣ ಸಮ ಅಲುಗಾಟವನ್ನು ಸರಿಪಡಿಸಬಹುದು, ಒಂದು ದೊಡ್ಡ ಜಿಗಿತವನ್ನು ಆಗುವುದಿಲ್ಲ.

ಈ ಕೆಲಸಕ್ಕೆ ಸಿಂಪಲ್‌ಐಟಿಕೆ, ಇಲಾಸ್ಟಿಕ್ಸ್, ಆಂಟ್ಸ್ ಅನ್ನುವ ಸಾಫ್ಟ್‌ವೇರ್‌ಗಳು ಇವೆ. ಎಲ್ಲವೂ ಉಚಿತ. ಕೋಡ್ ಬರೆಯಲು ಬಾರದವರು 3ಡಿ ಸ್ಲೈಸರ್‌ನಿಂದ ಶುರು ಮಾಡಬಹುದು. ಯಾವುದನ್ನು ಹಿಡಿದರೂ ಕ್ರಮ ಒಂದೇ.

ಮೊದಲು ಹೃದಯದ ಸುತ್ತ ಒಂದು ಚೌಕ ಕತ್ತರಿಸಿಕೊಳ್ಳಿ. ಇದನ್ನು ಮರೆತವರು ದಿನಗಟ್ಟಲೆ ಕಷ್ಟಪಡುವುದನ್ನು ನೋಡಿದ್ದೇನೆ. ಪೂರ್ತಿ ಚಿತ್ರ ಕೊಟ್ಟರೆ ಅದರಲ್ಲಿ ಬೆನ್ನುಮೂಳೆ, ಬೆನ್ನಿನ ಸ್ನಾಯು, ಎದೆಯ ಗೋಡೆ ಎಲ್ಲ ಇರುತ್ತವೆ. ಅವು ಹೆಚ್ಚು ಅಲುಗುವುದಿಲ್ಲ. ಪ್ರೋಗ್ರಾಮ್ ಅವನ್ನೇ ಹೊಂದಿಸಿ "ಎಲ್ಲ ಸರಿಯಿದೆ, ಏನೂ ಸರಿದಿಲ್ಲ" ಅನ್ನುತ್ತದೆ. ಹೃದಯ ಎಲ್ಲಿತ್ತೋ ಅಲ್ಲೇ ಕುಣಿಯುತ್ತಿರುತ್ತದೆ.

ಆಮೇಲೆ ಆಧಾರದ ಫ್ರೇಮ್ ಆರಿಸಿ, ಅಂದರೆ ಉಳಿದ ಚಿತ್ರಗಳನ್ನೆಲ್ಲ ಯಾವುದಕ್ಕೆ ಹೊಂದಿಸಬೇಕೋ ಆ ಒಂದು ಚಿತ್ರ. ಮೊದಲ ಫ್ರೇಮ್ ಬೇಡ, ಅದರಲ್ಲಿ ಎಲ್ಲ ಕಪ್ಪು. ಬಲ ವೆಂಟ್ರಿಕಲ್ ಮಾತ್ರ ಬೆಳಗಿರುವ ಫ್ರೇಮೂ ಬೇಡ. ಎಡ ವೆಂಟ್ರಿಕಲ್‌ನ ಒಳಗೂ ಸ್ನಾಯುವಿನಲ್ಲೂ ಕಾಂಟ್ರಾಸ್ಟ್ ಬಂದಿರುವ, ಉಸಿರು ಬಿಟ್ಟ ಸ್ಥಿತಿಗೆ ಹತ್ತಿರ ಇರುವ ಫ್ರೇಮ್ ಬೇಕು.

ಎರಡು ಚಿತ್ರ ಹೊಂದಿದವೇ ಅಂತ ಅಳೆಯಲು ಮ್ಯೂಚುಯಲ್ ಇನ್‌ಫರ್ಮೇಶನ್ (ಒಂದು ಚಿತ್ರದ ಬೆಳಕು ನೋಡಿ ಇನ್ನೊಂದರದ್ದನ್ನು ಎಷ್ಟು ಊಹಿಸಬಹುದು ಅನ್ನುವ ಅಳತೆ) ಬಳಸಿ. ಬೆಳಕಿನ ಅಂತರವನ್ನು ವರ್ಗ ಮಾಡಿ ಕೂಡಿಸುವ ಸರಳ ಅಳತೆ ಇಲ್ಲಿ ಮೋಸ ಮಾಡುತ್ತದೆ. ಒಂದೇ ಜಾಗ ಒಂದು ಫ್ರೇಮಿನಲ್ಲಿ ಕಪ್ಪು, ನಾಲ್ಕು ಫ್ರೇಮ್ ಆದ ಮೇಲೆ ಬೆಳ್ಳಗೆ. ಕಾಂಟ್ರಾಸ್ಟ್ ಬಂದದ್ದನ್ನೇ ಅದು ಅಲುಗಾಟ ಅಂದುಕೊಳ್ಳುತ್ತದೆ.

ಮೊದಲ ಸುತ್ತಿನಲ್ಲಿ ಚಿತ್ರವನ್ನು ಅಡ್ಡ, ಉದ್ದ ಸರಿಸಲು ಮಾತ್ರ ಬಿಡಿ. ದಪ್ಪ ನೋಟದಿಂದ ಶುರು ಮಾಡಿ ಮೂರು ಹಂತದಲ್ಲಿ ಸೂಕ್ಷ್ಮಕ್ಕೆ ಬನ್ನಿ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ತಿರುಗಲು ಬಿಡಿ. ಅದೂ ಸಾಲದಿದ್ದರೆ ಮಾತ್ರ ಬಿ-ಸ್ಪ್ಲೈನ್ (ಚೌಕಳಿಯ ಬಿಂದುಗಳನ್ನು ಸರಿಸಿ ಚಿತ್ರವನ್ನು ನಯವಾಗಿ ಬಾಗಿಸುವ ವಿಧಾನ) ಹಾಕಿ ಬಾಗಲು ಬಿಡಿ. ಅದರ ಬಿಂದುಗಳನ್ನು 20ರಿಂದ 30 ಮಿಲಿಮೀಟರ್ ದೂರ ದೂರ ಇಡಿ. ಹತ್ತಿರ ಇಟ್ಟರೆ ಪ್ರೋಗ್ರಾಮಿಗೆ ಅತಿಯಾದ ಸ್ವಾತಂತ್ರ್ಯ ಸಿಗುತ್ತದೆ. ಸ್ನಾಯುವಿನ ಕಪ್ಪು ಜಾಗವನ್ನು ಎಳೆದು ಸಣ್ಣದು ಮಾಡಿಬಿಡುತ್ತದೆ. ಆ ಕಪ್ಪು ಜಾಗವೇ ರಕ್ತ ಹರಿಯದ ಭಾಗ ಆಗಿರಬಹುದು! ನಾವು ಹುಡುಕುತ್ತಿರುವ ಕಾಯಿಲೆಯನ್ನು ನಾವೇ ಅಳಿಸಿದಂತಾಗುತ್ತದೆ. ಈ ಒಂದು ಭಯ ಯಾವಾಗಲೂ ನಿಮ್ಮ ಜೊತೆ ಇರಲಿ.

ಪ್ರತಿ ಫ್ರೇಮನ್ನೂ ನೇರವಾಗಿ ಆಧಾರದ ಫ್ರೇಮಿಗೇ ಹೊಂದಿಸಿ. ಪಕ್ಕದ ಫ್ರೇಮಿಗೆ ಹೊಂದಿಸುತ್ತಾ ಸರಪಳಿ ಕಟ್ಟಿದರೆ ಸಣ್ಣ ತಪ್ಪುಗಳು ಸೇರಿ ಕೊನೆಗೆ ದೊಡ್ಡದಾಗುತ್ತವೆ. ಸರಿಸಿದ್ದು, ತಿರುಗಿಸಿದ್ದು, ಬಾಗಿಸಿದ್ದು ಎಲ್ಲವನ್ನೂ ಒಟ್ಟು ಸೇರಿಸಿ ಚಿತ್ರವನ್ನು ಒಂದೇ ಸಲ ಹೊಸದಾಗಿ ಬರೆಯಿರಿ. ಮೂರು ಸಲ ಬರೆದರೆ ಮೂರು ಸಲ ಮಸುಕಾಗುತ್ತದೆ. ಸ್ಲೈಸಿನಿಂದ ಆಚೆ ಹೋದ ಫ್ರೇಮುಗಳನ್ನು ಬಲವಂತವಾಗಿ ಹೊಂದಿಸಬೇಡಿ, ತೆಗೆದುಹಾಕಿ.

ಆಯಿತೇ? ಈಗ ಪರೀಕ್ಷೆ. ಹೃದಯದ ನಡುವೆ ಒಂದು ಗೆರೆ ಎಳೆದು, ಎಲ್ಲ ಫ್ರೇಮುಗಳಿಂದ ಆ ಗೆರೆಯನ್ನಷ್ಟೇ ಕಿತ್ತು ಪಕ್ಕಪಕ್ಕ ಜೋಡಿಸಿ. ಸರಿಪಡಿಸುವ ಮೊದಲು ಗೋಡೆಯ ಅಂಚು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಸರಿಪಡಿಸಿದ ಮೇಲೆ ನೇರ ಗೆರೆ ಆಗಬೇಕು. ಎರಡನೆಯ ಪರೀಕ್ಷೆ, ಪ್ರತಿ ಫ್ರೇಮ್ ಎಷ್ಟು ಸರಿಯಿತು ಅಂತ ಗ್ರಾಫ್ ಹಾಕಿ. ನಿಮಿಷಕ್ಕೆ 15 ಉಸಿರು, ನಾಡಿ 75 ಇದ್ದರೆ ಒಂದು ಉಸಿರಿಗೆ 5 ಫ್ರೇಮ್. ಗ್ರಾಫಿನಲ್ಲೂ ಸುಮಾರು ಐದೈದು ಫ್ರೇಮಿಗೆ ಒಂದು ಅಲೆ ಕಾಣಬೇಕು. ಕಾಂಟ್ರಾಸ್ಟ್ ಬಂದ ಗಳಿಗೆಯಲ್ಲೇ ಒಂದು ದೊಡ್ಡ ಜಿಗಿತ ಕಂಡರೆ, ಅದು ಉಸಿರಲ್ಲ. ಪ್ರೋಗ್ರಾಮ್ ಬೆಳಕಿಗೆ ಮರುಳಾಗಿದೆ. ಬಾಗಿಸಿದ್ದರೆ, ಪ್ರತಿ ಜಾಗ ಎಷ್ಟು ಹಿಗ್ಗಿತು, ಕುಗ್ಗಿತು ಅಂತ ತೋರಿಸುವ ಜಾಕೋಬಿಯನ್ ನಕ್ಷೆಯನ್ನೂ ನೋಡಿ. ಎಲ್ಲಾದರೂ ಸೊನ್ನೆಗಿಂತ ಕೆಳಗಿದ್ದರೆ ಚಿತ್ರ ತನ್ನ ಮೇಲೇ ಮಡಚಿಕೊಂಡಿದೆ. ಅದನ್ನು ಬಳಸುವ ಹಾಗಿಲ್ಲ.

ಟಿ1 ಮ್ಯಾಪ್ ಮತ್ತು ಗಾಯದ ಚಿತ್ರ

ಟಿ1 ಮ್ಯಾಪ್‌ನಲ್ಲಿ ಹಲವು ಬಡಿತಗಳಲ್ಲಿ ತೆಗೆದ ಚಿತ್ರಗಳಿಂದ ಪ್ರತಿ ಬಿಂದುವಿಗೂ ಒಂದು ಸಂಖ್ಯೆ ಲೆಕ್ಕ ಹಾಕುತ್ತಾರೆ. ಅದೇ ಟಿ1, ಅಂಗಾಂಶದ ಕಾಂತತ್ವ ಮೊದಲಿನ ಸ್ಥಿತಿಗೆ ಮರಳುವ ಸಮಯದ ಅಳತೆ. ಇದಕ್ಕೆ ಬಳಸುವ ಮೊಲ್ಲಿ ವಿಧಾನದ ಮೊದಲ ರೂಪಕ್ಕೆ 17 ಬಡಿತ ಬೇಕಿತ್ತು, ಈಗ ರೂಢಿಯಲ್ಲಿರುವ ಚಿಕ್ಕ ರೂಪಕ್ಕೆ 11. ನಡುವೆ ಉಸಿರು ಜಾರಿದರೆ ಸ್ನಾಯುವಿನ ಅಂಚಿನ ಬಿಂದುಗಳಲ್ಲಿ ರಕ್ತ ಬೆರೆಯುತ್ತದೆ. ಕಾಂಟ್ರಾಸ್ಟ್ ಕೊಡುವ ಮುಂಚೆ, 1.5 ಟೆಸ್ಲಾದಲ್ಲಿ, ಆರೋಗ್ಯವಂತ ಸ್ನಾಯುವಿನ ಟಿ1 ಸುಮಾರು 1000 ಮಿಲಿಸೆಕೆಂಡಿನ ಆಸುಪಾಸು. ರಕ್ತದ್ದು ಅದಕ್ಕಿಂತ ತುಂಬ ಜಾಸ್ತಿ. ಬೆರೆತರೆ ಸಂಖ್ಯೆ ಏರುತ್ತದೆ, ಸ್ನಾಯುವಿಗೆ ಕಾಯಿಲೆ ಬಂದ ಹಾಗೆ ಕಾಣುತ್ತದೆ. ಬಣ್ಣದ ಮ್ಯಾಪ್ ಮಾತ್ರ ನೋಡಿ ನಂಬಬೇಡಿ. ಮೂಲ ಚಿತ್ರಗಳನ್ನು ಸಿನಿಮಾದಂತೆ ಓಡಿಸಿ, ನಡುಗೋಡೆ ನಿಂತಲ್ಲೇ ನಿಂತಿದೆಯೇ ನೋಡಿ.

ಕಾಂಟ್ರಾಸ್ಟ್ ಕೊಟ್ಟು ಹತ್ತು ನಿಮಿಷ ಆದ ಮೇಲೆ ತೆಗೆಯುವ ಗಾಯದ ಚಿತ್ರಕ್ಕೆ, ಅಂದರೆ ಎಲ್‌ಜಿಇಗೆ, ಒಂದು ಸೊಗಸಾದ ದಾರಿ ಇದೆ. ರೋಗಿ ಆರಾಮಾಗಿ ಉಸಿರಾಡುತ್ತಿರಲಿ. ಒಂದೇ ಬಡಿತದಲ್ಲಿ ಮುಗಿಯುವ ಚಿತ್ರಗಳನ್ನು ಸಾಲಾಗಿ ತೆಗೆಯಿರಿ. ದೂರ ಸರಿದವನ್ನು ಬಿಟ್ಟು, ಉಳಿದವನ್ನು ಹೊಂದಿಸಿ ಸರಾಸರಿ ಮಾಡಿ. 8 ಚಿತ್ರ ಸೇರಿದರೆ ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಸುಮಾರು 2.8 ಪಟ್ಟು ಏರುತ್ತದೆ. ಅಷ್ಟು ಹೊತ್ತಿಗೆ ರೋಗಿ ದಣಿದಿರುತ್ತಾರೆ. ಅವರಿಗೆ ಇನ್ನಷ್ಟು ಉಸಿರು ನಿಲ್ಲಿಸಿ ಅನ್ನುವ ಬದಲು ಇದನ್ನು ಮಾಡುವುದು ನನಗೆ ತುಂಬ ಇಷ್ಟ.

ಪಕ್ಕದ ಕೋಣೆಯಲ್ಲೂ ಇದೇ ಕಥೆ

ಪೆಟ್-ಸಿಟಿಯಲ್ಲಿ, ಅಂದರೆ ಮೈಗೆ ಕೊಟ್ಟ ವಿಕಿರಣಶೀಲ ಔಷಧಿಯನ್ನು ಪೆಟ್‌ನಲ್ಲಿ ನೋಡಿ ಸಿಟಿಯಿಂದ ತಿದ್ದುವ ಸ್ಕ್ಯಾನಿನಲ್ಲಿ, ಸಿಟಿ ಕೆಲವೇ ಕ್ಷಣದಲ್ಲಿ ಮುಗಿಯುತ್ತದೆ, ಪೆಟ್ ನಿಮಿಷಗಟ್ಟಲೆ ನಡೆಯುತ್ತದೆ. ಸಿಟಿ ತೆಗೆಯುವಾಗ ರೋಗಿ ಉಸಿರು ಎಳೆದಿದ್ದರೆ ಹೃದಯ ಕೆಳಗೆ ಹೋಗಿರುತ್ತದೆ. ಪೆಟ್‌ನಲ್ಲಿ ಹೃದಯದ ಪಕ್ಕದ ಗೋಡೆ ಇರುವ ಜಾಗದಲ್ಲಿ ಸಿಟಿಯಲ್ಲಿ ಶ್ವಾಸಕೋಶ ಇರುತ್ತದೆ. ದೇಹ ತಡೆದ ಸಿಗ್ನಲ್ಲನ್ನು ಲೆಕ್ಕ ಹಾಕಿ ತಿದ್ದುವಾಗ, ಯಂತ್ರ ಅಲ್ಲಿ ಬರೀ ಗಾಳಿ ಇದೆ ಅಂದುಕೊಂಡು ಕಡಿಮೆ ತಿದ್ದುತ್ತದೆ. ಅಲ್ಲಿ ರಕ್ತ ಕಡಿಮೆ ಹೋಗುತ್ತಿದೆ ಅನ್ನುವ ಸುಳ್ಳು ಚಿತ್ರ ಬರುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ, ಸಿಟಿಯನ್ನು ಸರಿಸಿ, ಮತ್ತೆ ಚಿತ್ರ ಕಟ್ಟಿಸಿ. ವಿಕಿರಣಶೀಲ ಔಷಧಿಯದೇ ಇನ್ನೊಂದು ಸ್ಕ್ಯಾನ್ ಆದ ಸ್ಪೆಕ್ಟ್‌ನಲ್ಲಾದರೆ ಮೊದಲು ಕಚ್ಚಾ ಚಿತ್ರಗಳನ್ನು ತಿರುಗಿಸಿ ನೋಡಿ. ವ್ಯಾಯಾಮ ಮಾಡಿಸಿದ ತಕ್ಷಣ ಮಲಗಿಸಿದರೆ, ಏದುಸಿರು ಇಳಿಯುತ್ತಾ ಹೋದಂತೆ ಹೃದಯ ಮೆಲ್ಲಗೆ ಮೇಲಕ್ಕೆ ತೆವಳುವುದು ಕಾಣುತ್ತದೆ. ಉಸಿರು ಸಮವಾಗುವ ತನಕ ಕಾಯುವುದು ಯಾವ ಸಾಫ್ಟ್‌ವೇರಿಗಿಂತಲೂ ಒಳ್ಳೆಯದು.

ಕೊನೆಯ ಹೆಜ್ಜೆ: ಬರೆದಿಡಿ

ಸರಿಪಡಿಸಿದ ಚಿತ್ರದ ಜೊತೆ ಮೂಲ ಚಿತ್ರಗಳನ್ನೂ ಕಳಿಸಿ. ಅವನ್ನು ಅಳಿಸಬೇಡಿ. ವರದಿ ಬರೆಯುವ ಡಾಕ್ಟರಿಗೆ ಅನುಮಾನ ಬಂದಾಗ ಹಿಂತಿರುಗಿ ನೋಡಲು ಅದೊಂದೇ ದಾರಿ. ಟಿಪ್ಪಣಿಯಲ್ಲಿ ಇಷ್ಟು ಇರಲಿ: ಉಸಿರು ಬಿಟ್ಟು ನಿಲ್ಲಿಸಿದ್ದೇ, ಎಳೆದೇ, ಅಥವಾ ಉಸಿರಾಡುತ್ತಲೇ ತೆಗೆದದ್ದೇ; ಯಾವ ಸ್ಲೈಸ್ ಎರಡನೇ ಸಲ ತೆಗೆದದ್ದು; ನ್ಯಾವಿಗೇಟರ್ ಕಿಟಕಿ ಎಷ್ಟು, ನೂರಕ್ಕೆ ಎಷ್ಟು ಬಿತ್ತು; ಕಂಪ್ಯೂಟರಿನಲ್ಲಿ ಸರಿಸಿದ್ದು ಮಾತ್ರವೇ ಅಥವಾ ಬಾಗಿಸಿದ್ದೂ ಇದೆಯೇ; ಎಷ್ಟು ಫ್ರೇಮ್ ಕೈಬಿಟ್ಟಿದ್ದು. ಉದಾಹರಣೆಗೆ ನನ್ನ ಟಿಪ್ಪಣಿ ಹೀಗಿರುತ್ತದೆ: "ಸಿನೆ ಉಸಿರು ಬಿಟ್ಟು, 6 ಸೆಕೆಂಡ್. 6ನೇ ಸ್ಲೈಸ್ ಮತ್ತೆ ತೆಗೆದದ್ದು, ಹಳೆಯದನ್ನು ಎಣಿಸಬೇಡಿ. ಪರ್ಫ್ಯೂಷನ್ ಉಸಿರಾಡುತ್ತಾ; 60ರಲ್ಲಿ 4 ಫ್ರೇಮ್ ಬಿಟ್ಟಿದೆ; ಸರಿಸಿದ್ದು ಮಾತ್ರ, ಬಾಗಿಸಿಲ್ಲ."